ಮನೆಯ ಹಾಡಿಗೆ ತಕ್ಕ ಪೆಟ್ಟಿಗೆ

ಶಬ್ದವು ಹುಟ್ಟಿದ ಕ್ಷಣದಲ್ಲಿಯೇ ಅಳಿಯತಕ್ಕ ವಸ್ತು. ಚಿತ್ರವು ಗೋಡೆಯ ಮೇಲೆ ಉಳಿಯುತ್ತದೆ, ಬರಹವು ತಾಳೆಗರಿಯಲ್ಲಿ ಉಳಿಯುತ್ತದೆ, ಶಿಲ್ಪವು ಕಲ್ಲಿನಲ್ಲಿ ಉಳಿಯುತ್ತದೆ. ಕಂಠದಿಂದ ಹೊರಟ ಹಾಡು ಮಾತ್ರ ಕೇಳಿದವರ ನೆನಪಿನ ಹೊರತು ಬೇರೆಲ್ಲಿಯೂ ನಿಲ್ಲುತ್ತಿರಲಿಲ್ಲ. 1877ರಲ್ಲಿ ಥಾಮಸ್ ಆಲ್ವಾ ಎಡಿಸನ್ನರು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದ ಮೇಲೆ ಈ ಸ್ಥಿತಿ ಬದಲಾಯಿತು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಅವರು ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ತಟ್ಟೆಯ ಮೇಲೆ ಮುದ್ರಿಸಿಕೊಂಡರು. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಆ ಮಹಾಗಾಯಕಿ ಮೂರು ನಿಮಿಷಗಳ ಆಸುಪಾಸಿನಲ್ಲಿ ಅಡಕಗೊಳಿಸಬೇಕಾಗಿತ್ತು. ಅಂದಿನ ದಿನಗಳಲ್ಲಿ ಧ್ವನಿಮುದ್ರಣವೆಂದರೆ ಕಂಪನಿಯವರು ಕರೆದಾಗ ಹೋಗಿ, ಅವರು ಹೇಳಿದಷ್ಟು ಹೊತ್ತು ಹಾಡಿ ಬರುವ ಕಾರ್ಯವಾಗಿತ್ತು. ಇಂದು ಅದೇ ಕಾರ್ಯವು ನಮ್ಮ ನಡುಮನೆಯ ಮೇಜಿನ ಮೇಲೆ ನಡೆಯಬಲ್ಲದು. ನೂರಿಪ್ಪತ್ತು ವರ್ಷಗಳಲ್ಲಿ ಆದ ಬದಲಾವಣೆ ಸಾಮಾನ್ಯವಾದುದಲ್ಲ.

ಮನೆಯಲ್ಲಿ ಸಂಗೀತ ಕಲಿಯುವ ಮಗಳಿದ್ದಾಳೆ; ಹಾರ್ಮೋನಿಯಂ ನುಡಿಸುವ ಯಜಮಾನರಿದ್ದಾರೆ; ಬೀಸುವ ಪದ, ಸೋಬಾನೆ, ಜೋಗುಳಗಳನ್ನು ಬಲ್ಲ ಅಜ್ಜಿ ಇದ್ದಾರೆ. ಗಣಕಯಂತ್ರವಂತೂ ಹೇಗೂ ಇದೆ. ಇವನ್ನೆಲ್ಲ ಚೆನ್ನಾಗಿ ಮುದ್ರಿಸಿಕೊಳ್ಳಬೇಕೆಂದು ಅಂಗಡಿಗೆ ಹೋದರೆ, ಮೈಕ್ ಒಂದೇ ಸಾಲದು, ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯೂ ಬೇಕೆಂದು ಅಂಗಡಿಯವರು ಹೇಳುತ್ತಾರೆ. ಆ ಪೆಟ್ಟಿಗೆಗಳಾದರೋ ಹತ್ತಾರು ಬಗೆ. ಒಂದೊಂದರ ಮೇಲೆಯೂ ಅರ್ಥವಾಗದ ಅಂಕಿಗಳು. ಗೃಹಸ್ಥನು ಗೊಂದಲಕ್ಕೆ ಬಿದ್ದು, ಒಂದೋ ಬೇಕಾದುದಕ್ಕಿಂತ ಮೂರು ಪಟ್ಟು ಹಣ ತೆತ್ತು ಬರುತ್ತಾನೆ, ಇಲ್ಲವೇ ಮುಂದೆ ನೋಡೋಣವೆಂದು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಎರಡರಲ್ಲಿಯೂ ನಷ್ಟವುಂಟು. ಎರಡನೆಯ ನಷ್ಟವೇ ಹೆಚ್ಚಿನದು. ಏಕೆಂದರೆ ಹಣ ಮತ್ತೆ ಬರುತ್ತದೆ, ಅಜ್ಜಿಯ ಕಂಠ ಮತ್ತೆ ಬರುವುದಿಲ್ಲ. ಆದ್ದರಿಂದ ಈ ಪೆಟ್ಟಿಗೆಯನ್ನು ಅಲ್ಪ ವೆಚ್ಚದಲ್ಲಿ, ವಿವೇಕದಿಂದ ಆರಿಸಿಕೊಳ್ಳುವ ಬಗೆಯನ್ನು ಈ ತಿಂಗಳು ವಿಚಾರಿಸೋಣ.

ಮೊದಲು ಈ ಸಾಧನದ ಕೆಲಸವನ್ನು ತಿಳಿಯಬೇಕು. ಮೈಕಿನೊಳಗಿನ ತೆಳುಪೊರೆಯು ದನಿಯ ಅಲೆಗೆ ಕಂಪಿಸಿ, ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಹೊರಡಿಸುತ್ತದೆ. ಅದು ನೇರವಾಗಿ ಗಣಕಯಂತ್ರಕ್ಕೆ ತಿಳಿಯತಕ್ಕದ್ದಲ್ಲ. ಇಂಟರ್‌ಫೇಸ್ ಆ ಕ್ಷೀಣ ವಿದ್ಯುತ್ತನ್ನು ಮೊದಲು ನೂರಾರು ಪಟ್ಟು ವರ್ಧಿಸುತ್ತದೆ. ಬಳಿಕ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಅಳೆದು ಅಂಕಿಗಳನ್ನಾಗಿ ಮಾಡಿ ಗಣಕಯಂತ್ರಕ್ಕೆ ಕಳಿಸುತ್ತದೆ. ಗಣಕಯಂತ್ರದಲ್ಲಿ ಉಳಿದ ಅಂಕಿಗಳನ್ನು ಮರಳಿ ದನಿಯಾಗಿಸಿ ನಮ್ಮ ಹೆಡ್‌ಫೋನಿಗೆ ಕೇಳಿಸುತ್ತದೆ. ವರ್ಧಿಸುವುದು, ಅಳೆಯುವುದು, ಮರಳಿ ಕೇಳಿಸುವುದು ಎಂಬ ಮೂರು ಕೆಲಸಗಳಷ್ಟೇ ಇದರ ಧರ್ಮ. ಹಾಡನ್ನು ಸುಧಾರಿಸುವುದು ಇದರ ಕೆಲಸವಲ್ಲ. ತಕ್ಕಡಿಯು ಬೆಲ್ಲವನ್ನು ಸಿಹಿ ಮಾಡುವುದಿಲ್ಲ, ಸರಿಯಾಗಿ ತೂಗುತ್ತದೆ ಅಷ್ಟೇ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗೊಂದಲ ಪರಿಹಾರವಾದಂತೆ.

ಆಯ್ಕೆಯ ಮೊದಲ ಸೂತ್ರವು ಎಣಿಕೆ. ಏಕಕಾಲದಲ್ಲಿ ಎಷ್ಟು ಮೈಕುಗಳ ಮುಂದೆ ದನಿ ಹೊರಡಬೇಕು? ಒಬ್ಬರೇ ಹಾಡುವುದಾದರೆ ಒಂದು ಮೈಕಿನ ಪೆಟ್ಟಿಗೆ ಸಾಕು. ಹಾಡುವವರೇ ಹಾರ್ಮೋನಿಯಂ ನುಡಿಸುವುದಾದರೆ ಕಂಠಕ್ಕೊಂದು, ವಾದ್ಯಕ್ಕೊಂದು, ಎರಡು ಬೇಕು. ತಬಲಾ ಸಾಥಿಯೂ ಜೊತೆಗೇ ಕುಳಿತು, ಪ್ರತಿಯೊಂದೂ ಬೇರೆ ಬೇರೆಯಾಗಿ ಮುದ್ರಿತವಾಗಬೇಕಾದರೆ ಮೂರು ಅಥವಾ ನಾಲ್ಕು ಬೇಕಾಗುತ್ತವೆ. ಹಾಗೆಂದು ಮನೆಯಲ್ಲಿ ನಾಲ್ಕು ವಾದ್ಯಗಳಿವೆಯೆಂಬ ಕಾರಣಕ್ಕೆ ನಾಲ್ಕು ಮೈಕಿನ ಪೆಟ್ಟಿಗೆಯನ್ನೇ ಕೊಳ್ಳಬೇಕಾದುದಿಲ್ಲ. ಇಂದಿನ ಮುದ್ರಣ ವಿಧಾನದಲ್ಲಿ ಒಂದರ ಮೇಲೊಂದು ಪದರವನ್ನು ಸೇರಿಸಬಹುದು. ವಿದ್ಯುತ್ ತಂಬೂರಿಯ ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಇಂದು ಹಾಡನ್ನು ಮುದ್ರಿಸಿ, ನಾಳೆ ಅದೇ ಹಾಡನ್ನು ಕೇಳಿಕೊಳ್ಳುತ್ತ ತಬಲವನ್ನು ಬೇರೆ ಪದರದಲ್ಲಿ ಮುದ್ರಿಸಬಹುದು. ಲಯ ಗಟ್ಟಿಯಿರುವವರಿಗೆ ಇದು ಸುಲಭಸಾಧ್ಯ. ಹೆಚ್ಚಿನ ಮನೆಗಳಿಗೆ ಎರಡು ಮೈಕುಗಳ ಪೆಟ್ಟಿಗೆಯೇ ಯುಕ್ತವಾದ ಮಿತಿಯೆಂಬುದು ನನ್ನ ಅಭಿಪ್ರಾಯ.

ಈ ಎಣಿಕೆಯಲ್ಲಿ ಒಂದು ಎಚ್ಚರ ಅಗತ್ಯ. ಪೆಟ್ಟಿಗೆಯ ಹೆಸರಿನಲ್ಲಿರುವ ಅಂಕಿಯು ಮೈಕುಗಳ ಸಂಖ್ಯೆಯೇ ಆಗಿರಬೇಕೆಂದಿಲ್ಲ. ಫೋಕಸ್‌ರೈಟ್ ಸಂಸ್ಥೆಯ ಸ್ಕಾರ್ಲೆಟ್ 4ಐ4 ಎಂಬುದಕ್ಕೆ ಒಳಬರುವ ದಾರಿಗಳು ನಾಲ್ಕಿದ್ದರೂ ಮೈಕನ್ನು ಸಿಕ್ಕಿಸಬಲ್ಲವು ಎರಡೇ. ಉಳಿದೆರಡು ಕೀಬೋರ್ಡಿನಂತಹ, ಮೊದಲೇ ಬಲವಾದ ಸಂಕೇತವನ್ನು ಕೊಡುವ ವಾದ್ಯಗಳಿಗೆ ಮೀಸಲು. ಬೆಹ್ರಿಂಗರ್ ಸಂಸ್ಥೆಯ ಯುಎಂಸಿ 404ಎಚ್‌ಡಿ ಎಂಬುದರಲ್ಲಿ ಮಾತ್ರ ನಾಲ್ಕೂ ದಾರಿಗಳು ಮೈಕಿಗೆ ಒದಗುತ್ತವೆ. ಹಾಗೆಯೇ, ಯುಎಸ್‌ಬಿ ಸೌಲಭ್ಯವಿರುವ ಸಣ್ಣ ಮಿಕ್ಸರುಗಳಲ್ಲಿ ಹಲವು, ಎಷ್ಟು ಮೈಕು ಸೇರಿಸಿದರೂ ಎಲ್ಲವನ್ನೂ ಬೆರೆಸಿ ಎರಡೇ ಧಾರೆಯಾಗಿ ಗಣಕಯಂತ್ರಕ್ಕೆ ಕಳಿಸುತ್ತವೆ. ಒಮ್ಮೆ ಬೆರೆತ ಮೇಲೆ ತಬಲದ ದನಿಯನ್ನು ಮಾತ್ರ ತಗ್ಗಿಸುವುದು ಸುಲಭವಲ್ಲ. ಹಾಲಿಗೆ ಬೆರೆತ ನೀರನ್ನು ಬೇರ್ಪಡಿಸುವ ಹಂಸವನ್ನು ಅಂಗಡಿಯವರು ಜೊತೆಗೆ ಕೊಡುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಮೈಕಿನ ಮೂರು ಕಡ್ಡಿಯ ತುದಿ, ಅಂದರೆ ಎಕ್ಸ್‌ಎಲ್‌ಆರ್, ಕೂರುವ ಬಾಯಿಗಳನ್ನು ಬೆರಳಿಟ್ಟು ಎಣಿಸಿ. ಅವುಗಳಲ್ಲಿ ಎಷ್ಟು ಬೇರೆ ಬೇರೆಯಾಗಿ ಮುದ್ರಿತವಾಗುತ್ತವೆಂದು ಕೇಳಿ.

ಎರಡನೆಯ ವಿಷಯವು ಅಂಕಿಗಳ ಆಡಂಬರ. ಪೆಟ್ಟಿಗೆಯ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಮನುಷ್ಯನ ಕಿವಿಯ ಮೇರೆ ಸುಮಾರು 20,000 ಹರ್ಟ್ಸ್. ಅತ್ಯುಚ್ಚ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆದರೆ ಆ ಮೇರೆಯೊಳಗಿನ ದನಿಯನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂಬ ಸಿದ್ಧಾಂತವನ್ನು ಕ್ಲಾಡ್ ಶಾನನ್ ಅವರು 1949ರ ಪ್ರಬಂಧದಲ್ಲಿ ಪ್ರತಿಪಾದಿಸಿದರು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಸೆಕೆಂಡಿಗೆ 44,100 ಬಾರಿ ಅಳೆಯುವುದು ಇದೇ ಕಾರಣದಿಂದ. ಹೀಗಿರುವಲ್ಲಿ 44.1 ಅಥವಾ 48 ಕಿಲೋಹರ್ಟ್ಸ್ ಮನೆಯ ಹಾಡಿಗೆ ಧಾರಾಳವಾಗಿ ಸಾಕು. 192ರಲ್ಲಿ ಮುದ್ರಿಸಿದರೆ ನಾಲ್ಕು ಪಟ್ಟು ಸ್ಥಳ ತುಂಬುತ್ತದೆಯೇ ಹೊರತು ಕಂಠಮಾಧುರ್ಯ ನಾಲ್ಕು ಪಟ್ಟಾಗುವುದಿಲ್ಲ. ಬಿಟ್ ಎಂಬ ಅಂಕಿ ಮಾತ್ರ ಗಮನಾರ್ಹವಾದುದು. 16 ಬಿಟ್ಟಿನಲ್ಲಿ ಅತಿ ಮೆಲ್ಲನೆಯ ದನಿಯಿಂದ ಅತಿ ಗಟ್ಟಿಯಾದ ದನಿಯವರೆಗೆ ಸುಮಾರು 96 ಡೆಸಿಬೆಲ್ ಅಂತರ ಹಿಡಿಯುತ್ತದೆ. 24 ಬಿಟ್ಟಿನಲ್ಲಿ ತಾತ್ತ್ವಿಕವಾಗಿ 144. ಇದರ ಪ್ರಯೋಜನವು ನಿಜವಾದುದು: ಮುದ್ರಿಸುವಾಗ ದನಿಯ ಮಟ್ಟವನ್ನು ಸ್ವಲ್ಪ ತಗ್ಗಿಸಿಯೇ ಇಟ್ಟುಕೊಳ್ಳಬಹುದು, ತಾರಸ್ಥಾಯಿಗೆ ಏರಿದಾಗ ದನಿ ಒಡೆಯುವ ಭಯವಿರುವುದಿಲ್ಲ. ಸಾಧ್ಯವಾದಲ್ಲಿ 24 ಬಿಟ್ ಇರುವುದನ್ನೇ ಆರಿಸಿ. ಅದಕ್ಕಾಗಿ ಸಾಲ ಮಾಡಬೇಕಾದುದಿಲ್ಲ.

ಹಾಗಾದರೆ ಅಗ್ಗದ ಪೆಟ್ಟಿಗೆಗೂ ದುಬಾರಿಯದಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ? ಅದು ಅಳೆಯುವ ಭಾಗಕ್ಕಿಂತ ವರ್ಧಿಸುವ ಭಾಗದಲ್ಲಿದೆ. ಮೆಲುದನಿಯ ಹಾಡನ್ನು ಸಾಧಾರಣ ಡೈನಮಿಕ್ ಮೈಕಿನಲ್ಲಿ ಹಿಡಿಯಬೇಕಾದಾಗ ವರ್ಧಕದ ಗುಂಡಿಯನ್ನು ಬಹುತೇಕ ಕೊನೆಯವರೆಗೆ ತಿರುಗಿಸಬೇಕಾಗುತ್ತದೆ. ಆಗ ಕೀಳು ದರ್ಜೆಯ ವರ್ಧಕವು ತನ್ನದೇ ಆದ 'ಸ್ಸ್' ಎಂಬ ಸದ್ದನ್ನು ಹಾಡಿನ ಕೆಳಗೆ ಹಾಸುತ್ತದೆ. ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಮೈಕು ಸೇರಿಸಿ, ಹೆಡ್‌ಫೋನ್ ಧರಿಸಿ, ಗುಂಡಿಯನ್ನು ಮುಕ್ಕಾಲು ಭಾಗಕ್ಕಿಂತ ಮೇಲೆ ತಿರುಗಿಸಿ, ಸುಮ್ಮನೆ ಕೇಳಿ. ಎರಡು ಪೆಟ್ಟಿಗೆಗಳನ್ನು ಒಂದರ ಬಳಿಕ ಒಂದು ಹೀಗೆ ಕೇಳಿದರೆ, ಯಾವ ಜಾಹೀರಾತೂ ಹೇಳದ ಸತ್ಯವನ್ನು ನಿಮ್ಮ ಕಿವಿಯೇ ಹೇಳುತ್ತದೆ.

ಮೂರನೆಯದು 48 ವೋಲ್ಟಿನ ಗುಂಡಿ. ಕಂಡೆನ್ಸರ್ ಜಾತಿಯ ಮೈಕುಗಳು ಸೂಕ್ಷ್ಮಗ್ರಾಹಿಗಳು; ಅವಕ್ಕೆ ಕೆಲಸ ಮಾಡಲು ಹೊರಗಿನಿಂದ ವಿದ್ಯುತ್ತು ಬೇಕು. ಆ ವಿದ್ಯುತ್ತನ್ನು ದನಿ ಬರುವ ತಂತಿಯಲ್ಲಿಯೇ ಹಿಂದಕ್ಕೆ ಕಳಿಸುವ ಏರ್ಪಾಡಿಗೆ ಫ್ಯಾಂಟಮ್ ಪವರ್ ಎಂದು ಹೆಸರು. 1966ರಲ್ಲಿ ಜರ್ಮನಿಯ ನೋಯ್‌ಮನ್ ಸಂಸ್ಥೆಯವರು ನಾರ್ವೆಯ ಪ್ರಸಾರ ಸಂಸ್ಥೆಗಾಗಿ ಇದನ್ನು ಅಳವಡಿಸಿದರು. ಅಲ್ಲಿಯ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವಿದ್ಯುತ್ತು ಮೊದಲೇ ಇದ್ದುದರಿಂದ ಅದೇ ಪ್ರಮಾಣವು ನಿಂತಿತು. ಇಂದು ನಮ್ಮ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಯೂ ಅದನ್ನೇ ಅನುಸರಿಸುತ್ತಿದೆ. ಶೂರ್ ಸಂಸ್ಥೆಯ ಎಸ್‌ಎಂ58 ಮುಂತಾದ ಡೈನಮಿಕ್ ಮೈಕುಗಳಿಗೆ ಈ ವಿದ್ಯುತ್ತು ಬೇಕಿಲ್ಲ. ಸರಿಯಾದ ಎಕ್ಸ್‌ಎಲ್‌ಆರ್ ತಂತಿಯಿದ್ದರೆ ಅದರಿಂದ ಅಪಾಯವೂ ಇಲ್ಲ. ಹಳೆಯ ರಿಬ್ಬನ್ ಮೈಕುಗಳು ಮಾತ್ರ ಕೆಡುವ ಸಂಭವವುಂಟು. ತಂತಿಯನ್ನು ಸಿಕ್ಕಿಸುವಾಗಲೂ ತೆಗೆಯುವಾಗಲೂ ಈ ಗುಂಡಿಯನ್ನು ಆರಿಸಿಡುವುದು ಉತ್ತಮ ಅಭ್ಯಾಸ. ಮುಂದೆ ಕಂಡೆನ್ಸರ್ ಮೈಕನ್ನು ಕೊಳ್ಳುವ ಯೋಚನೆಯಿದ್ದಲ್ಲಿ 48 ವೋಲ್ಟ್ ಇಲ್ಲದ ಪೆಟ್ಟಿಗೆಯನ್ನು ಮುಟ್ಟಲೇಬೇಡಿ.

ನಾಲ್ಕನೆಯದು ವಿಳಂಬದ ಸಮಸ್ಯೆ. ಹಾಡಿದ ದನಿ ಗಣಕಯಂತ್ರದೊಳಗೆ ಹೋಗಿ ಹೆಡ್‌ಫೋನಿಗೆ ಮರಳಿ ಬರುವಷ್ಟರಲ್ಲಿ ಕಿಂಚಿತ್ ಕಾಲ ಸರಿದಿರುತ್ತದೆ. ದನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಆದ್ದರಿಂದ 10 ಮಿಲಿಸೆಕೆಂಡಿನ ವಿಳಂಬವೆಂದರೆ ನಮ್ಮ ಹಾಡನ್ನು ನಾವೇ ಮೂರೂವರೆ ಮೀಟರ್ ದೂರದಲ್ಲಿ ಕುಳಿತು ಕೇಳಿದಂತೆ. 30 ಅಥವಾ 40 ಮಿಲಿಸೆಕೆಂಡಾದರೆ ನುರಿತ ಗಾಯಕರಿಗೂ ತಾಳ ತಪ್ಪುತ್ತದೆ. ಇದಕ್ಕೆ ಪರಿಹಾರ ಸರಳವಾಗಿದೆ. ಡೈರೆಕ್ಟ್ ಮಾನಿಟರ್ ಎಂಬ ಗುಂಡಿಯಿರುವ ಪೆಟ್ಟಿಗೆಯಲ್ಲಿ ದನಿಯು ಗಣಕಯಂತ್ರವನ್ನು ಸುತ್ತಿ ಬರದೆ, ಪೆಟ್ಟಿಗೆಯಿಂದಲೇ ನೇರವಾಗಿ ಕಿವಿಗೆ ಬರುತ್ತದೆ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ವೇಗದ ಯಂತ್ರವನ್ನು ಕೊಳ್ಳುವುದಕ್ಕಿಂತ ಈ ಒಂದು ಗುಂಡಿ ಇದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಐದನೆಯದು ಗಣಕಯಂತ್ರದೊಡನೆ ಹೊಂದಾಣಿಕೆ. ಕ್ಲಾಸ್ ಕಂಪ್ಲಯಂಟ್ ಎಂದು ಬರೆದಿರುವ ಯುಎಸ್‌ಬಿ ಪೆಟ್ಟಿಗೆಗಳು ಮ್ಯಾಕ್ ಮತ್ತು ಲಿನಕ್ಸ್ ಯಂತ್ರಗಳಲ್ಲಿ ಬೇರೆ ತಂತ್ರಾಂಶವಿಲ್ಲದೆ ನಡೆಯುತ್ತವೆ. ಸರಿಯಾದ ತಂತಿಯಿದ್ದಲ್ಲಿ ಅನೇಕ ಮೊಬೈಲುಗಳಲ್ಲಿಯೂ ನಡೆಯುತ್ತವೆ. ವಿಂಡೋಸ್ ಯಂತ್ರದಲ್ಲಿ ವಿಳಂಬವಿಲ್ಲದೆ ಕೆಲಸ ಸಾಗಬೇಕಾದರೆ ತಯಾರಕರೇ ಕೊಡುವ ಆಸಿಯೋ ಡ್ರೈವರ್ ಇರುವುದು ಲೇಸು. ನಿಮ್ಮ ವಿಂಡೋಸ್ ಆವೃತ್ತಿಗೆ ಆ ಡ್ರೈವರ್ ಲಭ್ಯವಿದೆಯೇ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳಿ. ಹಳೆಯ ವಸ್ತುವನ್ನು ಕೊಳ್ಳುವವರಿಗೆ ಈ ಮಾತು ಇನ್ನೂ ಮುಖ್ಯ. ಗುಂಡಿಗಳು ಗಟ್ಟಿಯಾಗಿದ್ದು, ಯುಎಸ್‌ಬಿ ಬಾಯಿ ಸಡಿಲಾಗಿರದಿದ್ದರೆ ಹಳೆಯ ಪೆಟ್ಟಿಗೆ ಹಲವು ವರ್ಷ ಬಾಳುತ್ತದೆ. ಆದರೆ ಡ್ರೈವರ್ ನಿಂತುಹೋದ ಪೆಟ್ಟಿಗೆಯೂ ಫೈರ್‌ವೈರ್ ತಂತಿಯನ್ನು ಬೇಡುವ ಪೆಟ್ಟಿಗೆಯೂ ಎಷ್ಟು ಅಗ್ಗವಾಗಿ ದೊರೆತರೂ ಬೇಡ.

ಇನ್ನು ಕೆಲವು ಹೆಸರುಗಳು. ಯಾರ ವ್ಯಾಪಾರವನ್ನೂ ಬೆಳೆಸುವ ಉದ್ದೇಶ ಈ ಅಂಕಣಕ್ಕಿಲ್ಲ; ಓದುಗರಿಗೆ ದಾರಿ ತಿಳಿಯಲೆಂದಷ್ಟೇ ಹೇಳುತ್ತಿದ್ದೇನೆ. ಕೆಳಗಿನ ಮೆಟ್ಟಿಲಿನಲ್ಲಿ ಬೆಹ್ರಿಂಗರ್ ಯುಎಂ2, ಎಂ-ಆಡಿಯೋ ಎಂ-ಟ್ರ್ಯಾಕ್ ಸೋಲೋ ಇವೆ. ಎರಡರಲ್ಲಿಯೂ ಒಂದು ಮೈಕು, ಒಂದು ವಾದ್ಯಕ್ಕೆ ಅವಕಾಶವುಂಟು, 48 ವೋಲ್ಟ್ ಉಂಟು. ಒಬ್ಬರೇ ಹಾಡುವ ಮನೆಗೆ ಆರಂಭಕ್ಕೆ ಇಷ್ಟು ಸಾಕು. ಅದರ ಮೇಲೆ ಬೆಹ್ರಿಂಗರ್ ಯುಎಂಸಿ 202ಎಚ್‌ಡಿ, ಪ್ರಿಸೋನಸ್ ಆಡಿಯೋಬಾಕ್ಸ್ ಯುಎಸ್‌ಬಿ 96 ಬರುತ್ತವೆ. ಎರಡು ಮೈಕುಗಳನ್ನೂ 24 ಬಿಟ್ಟನ್ನೂ ಮಿತವ್ಯಯದಲ್ಲಿ ಬಯಸುವವರಿಗೆ ಇವು ಯುಕ್ತ. ಇನ್ನೂ ಮೇಲಿನ ಮೆಟ್ಟಿಲಿನಲ್ಲಿ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಸ್ಟೈನ್‌ಬರ್ಗ್ ಯುಆರ್22ಸಿ, ಮೋಟು ಎಂ2 ಇವೆ. 2023ರಲ್ಲಿ ಬಂದ ಸ್ಕಾರ್ಲೆಟ್ 2ಐ2 ನಾಲ್ಕನೆಯ ಪೀಳಿಗೆಯು ಸ್ವಲ್ಪ ಹೊತ್ತು ಹಾಡಿ ತೋರಿಸಿದರೆ ದನಿಯ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಯಂತ್ರದ ಪರಿಚಯ ಕಡಿಮೆಯಿರುವ ಹಿರಿಯರಿಗೆ ಇದು ಅನುಕೂಲ. ಅದೇ ಸಾಲಿನ ಸೋಲೋ ಎಂಬ ಅಗ್ಗದ ಪೆಟ್ಟಿಗೆಯಲ್ಲಿ ಈ ಸೌಲಭ್ಯವಿಲ್ಲ, ಮೈಕಿನ ಬಾಯಿಯೂ ಒಂದೇ. ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ತೆರಿಗೆ ಸೇರಿದ ಬೆಲೆಯನ್ನೂ, ಭಾರತದಲ್ಲಿ ನಡೆಯುವ ವಾರಂಟಿಯ ಪತ್ರವನ್ನೂ ಕೇಳಿ ಪಡೆಯಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿ ಬಹಳ ಸಲ್ಲುತ್ತದೆ. ಮನೆಯಲ್ಲಿ ಇದಕ್ಕಾಗಿ ಮೀಸಲಿಟ್ಟ ಹಣವನ್ನು ಮೂರು ಪಾಲು ಮಾಡಿ: ಒಂದು ಪಾಲು ಪೆಟ್ಟಿಗೆಗೆ, ಒಂದು ಪಾಲು ಮೈಕಿಗೆ, ಉಳಿದ ಪಾಲು ಸ್ಟ್ಯಾಂಡು, ತಂತಿ, ಕಿವಿಯನ್ನು ಪೂರ್ಣವಾಗಿ ಮುಚ್ಚುವ ಹೆಡ್‌ಫೋನುಗಳಿಗೆ. ಇಡೀ ಹಣವನ್ನು ಪೆಟ್ಟಿಗೆಗೆ ಸುರಿದು ಮೈಕನ್ನು ಮೇಜಿನ ಮೇಲೆ ಮಲಗಿಸಿದರೆ ಮೇಜಿನ ಗುದ್ದಾಟವೇ ಮುದ್ರಿತವಾಗುತ್ತದೆ. ನಾಲ್ಕನೆಯ ಪಾಲೊಂದುಂಟು, ಅದಕ್ಕೆ ಹಣ ಬೇಕಿಲ್ಲ, ಅದು ಕೋಣೆ. ಕಡಪಾ ಕಲ್ಲು ಅಥವಾ ಗ್ರಾನೈಟಿನ ನೆಲ, ಸಿಮೆಂಟಿನ ಬರಿಗೋಡೆಗಳ ನಡುವೆ ಹಾಡಿದ ದನಿ ಬಾವಿಯೊಳಗೆ ಕೂಗಿದಂತೆ ಮೊಳಗುತ್ತದೆ. ಹಾಸಿಗೆ, ದಿಂಬು, ಬಟ್ಟೆಗಳಿರುವ ಮಲಗುವ ಕೋಣೆಯನ್ನು ಆರಿಸಿ. ನೆಲಕ್ಕೆ ಜಮಖಾನೆ ಹಾಸಿ. ಹಾಡುವವರ ಬೆನ್ನ ಹಿಂದೆ ಕೌದಿಯನ್ನೋ ಕಂಬಳಿಯನ್ನೋ ತೂಗುಹಾಕಿ. ಅಜ್ಜಿ ಹೊಲಿದ ಕೌದಿಯು ಮಾಡುವ ಉಪಕಾರವನ್ನು ದುಬಾರಿ ಪೆಟ್ಟಿಗೆ ಮಾಡಲಾರದು. ಫ್ಯಾನನ್ನು ನಿಲ್ಲಿಸಿ, ಬೆಳಗಿನ ಜಾವ ಅಥವಾ ರಾತ್ರಿ ಬೀದಿ ನಿಶ್ಶಬ್ದವಾದ ಮೇಲೆ ಕುಳಿತುಕೊಳ್ಳಿ. ಹೆಡ್‌ಫೋನಿನಲ್ಲಿ 'ಗುಂಯ್' ಎಂಬ ಸದ್ದು ಕೇಳುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಅನೇಕ ಬಾರಿ ಅಲ್ಲಿಯೇ ಪರಿಹಾರವಿರುತ್ತದೆ.

ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಡಿ. ಪ, ಬ ಅಕ್ಷರಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ಅತಿ ಗಟ್ಟಿಯಾಗಿ ಹಾಡುವ ಭಾಗವನ್ನು ಮೊದಲು ಹಾಡಿಸಿ, ಮಟ್ಟದ ಸೂಚಿ ಮೈನಸ್ 12ರಿಂದ ಮೈನಸ್ 6ರ ನಡುವೆ ನಿಲ್ಲುವಂತೆ ಗುಂಡಿಯನ್ನು ಹೊಂದಿಸಿ. ಕೆಂಪು ದೀಪ ಹತ್ತಿತೆಂದರೆ ಆ ಸ್ವರ ಒಡೆದುಹೋಯಿತೆಂದೇ ಅರ್ಥ. ಬಳಿಕ ಅದನ್ನು ಸಂಪೂರ್ಣವಾಗಿ ಸರಿಪಡಿಸಲಾಗದು. ಮುದ್ರಿಸಲು ತಂತ್ರಾಂಶಕ್ಕೆ ಹಣ ತೆರಬೇಕಾಗಿಯೂ ಇಲ್ಲ. 2000ದಲ್ಲಿ ಹೊರಬಂದ ಆಡಾಸಿಟಿ ಇಂದಿಗೂ ಉಚಿತವಾಗಿ ದೊರೆಯುತ್ತದೆ. ಮ್ಯಾಕ್ ಯಂತ್ರದವರಿಗೆ ಗ್ಯಾರೇಜ್‌ಬ್ಯಾಂಡ್ ಇದೆ. ಮೂಲಪ್ರತಿಯನ್ನು ವೇವ್ ರೂಪದಲ್ಲಿಯೇ ಉಳಿಸಿ. ಬಂಧುಗಳಿಗೆ ಕಳಿಸಲು ಮಾತ್ರ ಎಂಪಿ3 ಮಾಡಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸಿನಲ್ಲಿ ಒಂದು ಮೈಕಿನ ಒಂದು ಗಂಟೆಯ ಹಾಡು ಸುಮಾರು 518 ಮೆಗಾಬೈಟ್ ಆಗುತ್ತದೆ. ಇಂದಿನ ಡಿಸ್ಕುಗಳಿಗೆ ಇದು ಭಾರವಲ್ಲ. ಮನೆಯ ಯಂತ್ರದಲ್ಲೊಂದು, ಬೇರೆ ಡಿಸ್ಕಿನಲ್ಲೊಂದು, ಬೇರೆ ಊರಿನ ಮಕ್ಕಳ ಮನೆಯಲ್ಲೊಂದು, ಹೀಗೆ ಮೂರು ಪ್ರತಿಗಳಿರಲಿ. ಹಾಡಿದವರ ಹೆಸರು, ಊರು, ದಿನಾಂಕ, ಆ ಹಾಡನ್ನು ಯಾರಿಂದ ಕಲಿತರೆಂಬ ವಿವರ ಇವನ್ನು ಮುದ್ರಣದ ಮೊದಲಿಗೇ ಅವರ ಬಾಯಿಂದಲೇ ಹೇಳಿಸಿಬಿಡಿ. ಹೆಸರಿಲ್ಲದ ಹಾಡು ಎರಡನೆಯ ತಲೆಮಾರಿಗೆ ಅನಾಥವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಈ ಪೆಟ್ಟಿಗೆ ಯಾರಿಗೆ ಬೇಡವೆಂಬುದನ್ನೂ ಹೇಳುವುದು ನ್ಯಾಯ. ಮಾತು, ಪಾಠ, ಒಂದೇ ಕಂಠದ ಹಾಡು ಇಷ್ಟೇ ಇದ್ದಲ್ಲಿ, ನೇರವಾಗಿ ಯುಎಸ್‌ಬಿಗೆ ಸೇರುವ ಮೈಕೊಂದೇ ಸಾಕಾಗಬಹುದು. ಅದರೊಳಗೇ ಪುಟ್ಟ ಇಂಟರ್‌ಫೇಸ್ ಅಡಗಿರುತ್ತದೆ. ಹಿರಿಯರ ದನಿ ನೆನಪಿಗೆ ಉಳಿದರೆ ಸಾಕೆನ್ನುವವರಿಗೆ ಕೈಯಲ್ಲಿರುವ ಮೊಬೈಲೇ ಆದೀತು. ಕೌದಿ ತೂಗುಹಾಕಿದ ಕೋಣೆಯಲ್ಲಿ, ಒಂದೆರಡು ಗೇಣು ದೂರದಲ್ಲಿ ಅದನ್ನಿಟ್ಟರೆ ಆಶ್ಚರ್ಯವಾಗುವಷ್ಟು ಒಳ್ಳೆಯ ಮುದ್ರಣ ದೊರೆಯುತ್ತದೆ. ಬಾಲಕನ ಕಂಠ ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಒಡೆದು ಬೇರೆಯಾಗುತ್ತದೆ. ವೃದ್ಧರ ಕಂಠ ಒಂದೊಂದು ಚಳಿಗಾಲಕ್ಕೂ ಸೋಲುತ್ತ ಬರುತ್ತದೆ. ಯಾವ ಮಾದರಿ ಶ್ರೇಷ್ಠವೆಂಬ ವಿಮರ್ಶೆಯಲ್ಲಿ ಒಂದು ವರ್ಷ ಕಳೆದರೆ, ಆ ವರ್ಷದ ಕಂಠವು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.

ಆದುದರಿಂದ ಗೃಹಸ್ಥರು ಮೈಕುಗಳನ್ನು ಎಣಿಸಲಿ, ವರ್ಧಕದ ಸದ್ದನ್ನು ಕಿವಿಯಿಂದ ಪರೀಕ್ಷಿಸಲಿ, ಹೊಂದಾಣಿಕೆಯನ್ನು ಕೇಳಿಕೊಳ್ಳಲಿ, ತಮ್ಮ ಶಕ್ತಿಗೆ ತಕ್ಕ ಸಣ್ಣ ಪೆಟ್ಟಿಗೆಯನ್ನು ತರಲಿ. ತಂದ ದಿನವೇ ಮನೆಯ ಅತ್ಯಂತ ಹಿರಿಯರನ್ನು ಮೊದಲು ಕೂರಿಸಿ ಹಾಡಿಸಲಿ. ಮಕ್ಕಳ ಸರದಿ ಅನಂತರ ಬರಲಿ, ಅವರಿಗೆ ಕಾಲವಿದೆ.